ಸಾಲವೂ ಸ್ವಾವಲಂಬನವೂ

ಕಸುಬನ್ನು ಬಲ್ಲವನಾದರೂ ಬಂಡವಾಳವಿಲ್ಲದೆ ಕೈಕಟ್ಟಿ ಕುಳಿತವನಿಗೂ, ಬಂಡವಾಳ ದೊರೆತರೂ ಅದನ್ನು ದುಡಿಸುವ ಕಸುಬನ್ನರಿಯದವನಿಗೂ ಒಂದೇ ಬಗೆಯ ಸಾಲವನ್ನು ಕೊಟ್ಟು, ಇಬ್ಬರಿಂದಲೂ ಒಂದೇ ಬಗೆಯ ಫಲವನ್ನು ನಿರೀಕ್ಷಿಸಿದುದು ನಮ್ಮ ಗ್ರಾಮೀಣ ಸಾಲವ್ಯವಸ್ಥೆಯ ಬಹುಕಾಲದ ದೋಷ. ಇದನ್ನು ತಿದ್ದುವುದಕ್ಕೆ ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ನಡೆದ ಪ್ರಯತ್ನಗಳಲ್ಲಿ ಕನ್ನಡ ನಾಡಿನ ಪಾಲು ಸಣ್ಣದಲ್ಲ; ಆ ಪ್ರಯತ್ನಗಳ ಹಲವು ತಿರುವುಗಳು ನಮ್ಮ ಜಿಲ್ಲೆಗಳಲ್ಲಿಯೇ ಒದಗಿದುವು.

1904ರಲ್ಲಿ ಸರ್ಕಾರವು ಸಹಕಾರಿ ಪತ್ತಿನ ಸಂಘಗಳ ಕಾಯಿದೆಯನ್ನು ಮಾಡಿದಾಗ, ಅದರ ಹಿಂದೆ ಜರ್ಮನಿಯ ರೈಫೈಸನ್ನನು ರೈತರಿಗಾಗಿ ಕಟ್ಟಿದ್ದ ಸಂಘಗಳ ಮಾದರಿಯಿತ್ತು. ಒಂದೇ ಊರಿನವರು, ಒಬ್ಬರನ್ನೊಬ್ಬರು ಬಲ್ಲವರು, ಒಬ್ಬರಿಗೊಬ್ಬರು ಹೊಣೆಯಾಗಿ ನಿಂತರೆ ಅಡಮಾನವಿಲ್ಲದವನಿಗೂ ಸಾಲ ಹುಟ್ಟುತ್ತದೆಂಬುದು ಅದರ ತಿರುಳು. ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘವೊಂದನ್ನು ಸ್ಥಾಪಿಸಿ ಭಾರತದ ಸಹಕಾರ ಚರಿತ್ರೆಯಲ್ಲಿ ಆ ಹಳ್ಳಿಯ ಹೆಸರು ಮೊದಲ ಸಾಲಿನಲ್ಲಿ ನಿಲ್ಲುವಂತೆ ಮಾಡಿದರು. ತೆಂಕಣ ಕರಾವಳಿಯಲ್ಲಿ ಅದೇ ಕಾರ್ಯವನ್ನು ಪುತ್ತೂರಿನ ಮೊಳಹಳ್ಳಿ ಶಿವರಾಯರು ಕೈಗೆತ್ತಿಕೊಂಡರು. ಆದರೆ ಬೀಜದಲ್ಲಿದ್ದ ಸತ್ತ್ವವೆಲ್ಲವೂ ಬೆಳೆಯಲ್ಲಿ ಕಾಣಲಿಲ್ಲ. 1951-52ರಲ್ಲಿ ರಿಸರ್ವ್ ಬ್ಯಾಂಕು ನಡೆಸಿದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ ರೈತನು ಮಾಡಿದ ಸಾಲದಲ್ಲಿ ಸಹಕಾರ ಸಂಘಗಳಿಂದ ಬಂದುದು ನೂರಕ್ಕೆ ಮೂರರಷ್ಟು ಮಾತ್ರ. ಮಿಕ್ಕುದರ ಬಹುಭಾಗ ಸಾಹುಕಾರನದು. ಭೂಮಿಯುಳ್ಳವನೇ ಸದಸ್ಯನೂ ಅವನೇ ಅಧ್ಯಕ್ಷನೂ ಆಗಿದ್ದ ಸಂಘದಲ್ಲಿ ಕೂಲಿಯವನಿಗೂ ಹೆಂಗಸಿಗೂ ಸ್ಥಾನವೆಲ್ಲಿಯದು?

ಸಾಲಕ್ಕಿಂತ ಮೊದಲು ಉಳಿತಾಯವೆಂಬ ಇನ್ನೊಂದು ವಿಚಾರವು ಉಡುಪಿಯಲ್ಲಿ ಮೊಳೆಯಿತು. ಡಾ. ಟಿ. ಎಂ. ಎ. ಪೈ ಅವರ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ಏಜೆಂಟನು ಮನೆಬಾಗಿಲಿಗೆ ಬಂದು ದಿನಕ್ಕೆರಡಾಣೆಯನ್ನೂ ಬೇಡವೆನ್ನದೆ ಪಡೆದು ಚೀಟಿ ಕೊಡುತ್ತಿದ್ದನು. ಬಡವನು ಉಳಿಸಲಾರನೆಂಬ ವಿದ್ವಜ್ಜನರ ಅಭಿಪ್ರಾಯವನ್ನು ಆ ಎರಡಾಣೆಯು ಸದ್ದಿಲ್ಲದೆ ಸುಳ್ಳುಮಾಡಿತು. ಆದರೂ 1969ರಲ್ಲಿ ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣಗೊಂಡ ತರುವಾಯ ಬಂದ ಸರ್ಕಾರದ ಯೋಜನೆಗಳು ಈ ಪಾಠವನ್ನು ಮರೆತುವೆಂದೇ ಹೇಳಬೇಕು. ಸಹಾಯಧನದ ಆಸೆಗೆ ಎಮ್ಮೆ ಬಂದಿತು. ಮೇವಿನ ಚಿಂತೆಯೂ ಹಾಲಿನ ಗಿರಾಕಿಯೂ ಎಮ್ಮೆಯೊಡನೆ ಬರಲಿಲ್ಲ. 1990ರಲ್ಲಿ ಹತ್ತು ಸಾವಿರ ರೂಪಾಯಿಗಳವರೆಗಿನ ಸಾಲ ಮನ್ನಾ ಆದಾಗ ಮರುಪಾವತಿಯೆಂಬ ಶಿಸ್ತಿಗೂ ಪೆಟ್ಟು ಬಿದ್ದಿತು.

ಅಷ್ಟರಲ್ಲಿ ಅನ್ಯತ್ರ ಎರಡು ಪ್ರಯೋಗಗಳು ಕಣ್ಣುಬಿಟ್ಟಿದ್ದುವು. ಅಹಮದಾಬಾದಿನಲ್ಲಿ ಇಳಾ ಭಟ್ಟರ ನೇತೃತ್ವದ ‘ಸೇವಾ’ ಸಂಘಟನೆಯ ನಾಲ್ಕು ಸಾವಿರ ಶ್ರಮಿಕ ಮಹಿಳೆಯರು ತಲಾ ಹತ್ತು ರೂಪಾಯಿ ಹಾಕಿ 1974ರಲ್ಲಿ ತಮ್ಮದೇ ಸಹಕಾರಿ ಬ್ಯಾಂಕನ್ನು ಕಟ್ಟಿದರು. 1976ರಲ್ಲಿ ಬಾಂಗ್ಲಾದೇಶದ ಜೋಬ್ರಾ ಎಂಬ ಹಳ್ಳಿಯಲ್ಲಿ ಅರ್ಥಶಾಸ್ತ್ರದ ಅಧ್ಯಾಪಕ ಮುಹಮ್ಮದ್ ಯೂನುಸರು, ಬಿದಿರಿನ ಮಣೆ ಹೆಣೆಯುವ ಹೆಂಗಸು ಬಿದಿರಿಗಾಗಿ ವ್ಯಾಪಾರಿಯಿಂದ ಸಾಲ ತಂದು, ಮಣೆಯನ್ನು ಅವನು ಹೇಳಿದ ಬೆಲೆಗೇ ಅವನಿಗೇ ಒಪ್ಪಿಸಬೇಕಾಗಿದ್ದುದನ್ನು ಕಂಡರು. ಅವಳ ಕೈಯಲ್ಲಿ ಕೌಶಲವಿಲ್ಲದಿರಲಿಲ್ಲ. ಕೌಶಲದ ಬೆಲೆ ಅವಳದಾಗಿರಲಿಲ್ಲ. ನಲವತ್ತೆರಡು ಮಂದಿಗೆ ಯೂನುಸರು ತಮ್ಮ ಕಿಸೆಯಿಂದ ಕೊಟ್ಟ ಇಪ್ಪತ್ತೇಳು ಡಾಲರುಗಳು 1983ರಲ್ಲಿ ಗ್ರಾಮೀಣ ಬ್ಯಾಂಕಾಗಿ, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯವರೆಗೆ ಬೆಳೆದ ಕಥೆ ಎಲ್ಲರೂ ಬಲ್ಲುದೇ.

ಎಲ್ಲರೂ ಬಲ್ಲದ ಕಥೆ ನಮ್ಮದು. 1968ರಲ್ಲಿ ಟಿಬೆಟಿನ ನಿರಾಶ್ರಿತರ ಪುನರ್ವಸತಿಗಾಗಿ ಹುಟ್ಟಿದ ಮೈರಾಡ ಸಂಸ್ಥೆಯು ಮುಂದೆ ಹಳ್ಳಿಗಳ ಕೆಲಸಕ್ಕೆ ತಿರುಗಿ ಸಹಕಾರ ಸಂಘಗಳನ್ನು ಪೋಷಿಸುತ್ತಿದ್ದಾಗ, 1984-85ರ ಸುಮಾರಿಗೆ ಆ ದೊಡ್ಡ ಸಂಘಗಳು ಒಬ್ಬಿಬ್ಬರು ಬಲಾಢ್ಯರ ಹಿಡಿತಕ್ಕೆ ಸಿಕ್ಕಿ ಒಡೆಯತೊಡಗಿದುವು. ಸದಸ್ಯರು ಸಾಲವನ್ನು ತೀರಿಸಲು ಒಲ್ಲೆನ್ನಲಿಲ್ಲ. ಆ ಸಂಘಕ್ಕೆ ಕಟ್ಟುವುದಿಲ್ಲ, ಮೈರಾಡಕ್ಕೆ ಕಟ್ಟುತ್ತೇವೆಂದರು. ನಮಗೇಕೆ, ನಿಮ್ಮ ನಿಮ್ಮಲ್ಲಿ ನಂಬಿಕೆಯಿರುವ ಚಿಕ್ಕ ಗುಂಪುಗಳಲ್ಲಿಯೇ ಕಟ್ಟಿಕೊಳ್ಳಿರೆಂದು ಸಂಸ್ಥೆಯು ಸೂಚಿಸಿತು. ಅಲೋಷಿಯಸ್ ಫರ್ನಾಂಡಿಸರ ಮುಂದಾಳುತನದಲ್ಲಿ ಹೀಗೆ ಸೋಲಿನಿಂದಲೇ ಮೂಡಿದ ಗುಂಪುಗಳಿಗೆ 1987ರಲ್ಲಿ ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಹತ್ತು ಲಕ್ಷ ರೂಪಾಯಿಗಳ ನೆರವನ್ನಿತ್ತಿತು. ‘ಸ್ವಸಹಾಯ ಗುಂಪು’ ಎಂಬ ಹೆಸರು ನೆಲೆನಿಂತದ್ದೂ ಆ ಹೊತ್ತಿಗೇ. ದಾನಿಗಳ ಯೋಜನಾಪತ್ರದಲ್ಲಿ ಹುಟ್ಟದೆ ಜನರ ಬೇಸರದಲ್ಲಿ ಹುಟ್ಟಿದ ಸಂಸ್ಥೆಗಳು ನಮ್ಮಲ್ಲಿ ಅಪರೂಪ.

ಇಂತಹ ಸ್ವಸಹಾಯ ಸಂಘದ ವಾರದ ಸಭೆಯನ್ನು ಒಮ್ಮೆ ನೋಡಬೇಕು. ಗುಡಿಯ ಜಗುಲಿಯ ಮೇಲೋ ಅಂಗನವಾಡಿಯ ಕೋಣೆಯಲ್ಲೋ ಹಾಸಿದ ಜಮಖಾನದ ಮೇಲೆ ಹದಿನೈದಿಪ್ಪತ್ತು ಮಂದಿ ವರ್ತುಲವಾಗಿ ಕುಳಿತಿರುತ್ತಾರೆ. ನಡುವೆ ತಗಡಿನ ಪೆಟ್ಟಿಗೆ, ನಡಾವಳಿ ಪುಸ್ತಕ, ಪಾಸ್‌ಬುಕ್ಕುಗಳ ಕಟ್ಟು. ಹತ್ತೋ ಇಪ್ಪತ್ತೋ ರೂಪಾಯಿಯ ಉಳಿತಾಯ ಸಂದಾಯವಾದ ಮೇಲೆ ಒಬ್ಬಾಕೆ ಹೊಲಿಗೆ ಯಂತ್ರಕ್ಕೆ ಸಾಲ ಕೇಳುತ್ತಾಳೆ. ‘ಹೊಲಿಯೋದು ಎಲ್ಲಿ ಕಲಿತೆಯಕ್ಕಾ? ಹೋದ ಸಲದ ಕಂತು ಎರಡು ಬಾಕಿ ಐತಲ್ಲ?’ ಎಂಬ ಪ್ರಶ್ನೆ ಎದುರುಗಡೆಯಿಂದ ಬರುತ್ತದೆ. ‘ಮಗೀಗೆ ಜ್ವರ ಬಂದಿತ್ತಲ್ಲಮ್ಮ, ನಿಂಗೂ ಗೊತ್ತು’ ಎಂಬ ಉತ್ತರವನ್ನು ಸಭೆಯು ತೂಗಿನೋಡುತ್ತದೆ, ಏಕೆಂದರೆ ಜ್ವರ ನಿಜವೇ ಎಂದು ಆ ಸಭೆಗೆ ಗೊತ್ತು. ಠರಾವು ಬರೆಯಲ್ಪಡುತ್ತದೆ, ಸಹಿ ಕಲಿತವರು ಸಹಿ ಹಾಕುತ್ತಾರೆ, ಕಲಿಯದವರು ಹೆಬ್ಬೆಟ್ಟೊತ್ತುತ್ತಾರೆ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯೆಂದರೆ ಕಡಿಮೆಯೇನಲ್ಲ. ಆದರೆ ಸಾಹುಕಾರನ ಮನೆ ಸೇರುತ್ತಿದ್ದ ಬಡ್ಡಿ ಇಲ್ಲಿ ಕೊಟ್ಟವಳ ಪೆಟ್ಟಿಗೆಗೇ ಹಿಂದಿರುಗುತ್ತದೆ. ಗುಂಪಿನ ನಿಜವಾದ ಜಾಮೀನು ಹೀಗೆ ಪರಸ್ಪರ ಪರಿಚಯದಲ್ಲಿದೆ, ಮತ್ತು ಲೆಕ್ಕವನ್ನು ಎಲ್ಲರೆದುರಿಗೆ ಗಟ್ಟಿಯಾಗಿ ಓದುವುದರಲ್ಲಿದೆ.

1992ರಲ್ಲಿ ನಬಾರ್ಡ್ ಐನೂರು ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ಹಮ್ಮಿಕೊಂಡಿತು. ನೋಂದಣಿಯಿಲ್ಲದ ಗುಂಪಿಗೂ ಅಡಮಾನವಿಲ್ಲದೆ, ಅದರ ಉಳಿತಾಯದ ಒಂದರಿಂದ ನಾಲ್ಕು ಪಟ್ಟಿನವರೆಗೆ ಸಾಲ ಕೊಡಬಹುದೆಂಬುದು ಬ್ಯಾಂಕಿಂಗಿನ ಸಂಪ್ರದಾಯಕ್ಕೆ ಕ್ರಾಂತಿಕಾರಿಯಾದ ಮಾತಾಗಿತ್ತು. 2000ದಲ್ಲಿ ಕರ್ನಾಟಕ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಸಂಘಗಳನ್ನು ಊರೂರಿಗೂ ಮುಟ್ಟಿಸಿತು. ಅದರ ತರುವಾಯ ಗ್ರಾಮೀಣ ಜೀವನೋಪಾಯದ ಸಂಜೀವಿನಿ ಯೋಜನೆಯೂ ಬಂದಿತು. ಸಂಖ್ಯೆ ಬೆಳೆದಂತೆ ನಡಾವಳಿ ಪುಸ್ತಕವನ್ನು ಸಭೆಯಿಲ್ಲದೆಯೇ ಬರೆದು ಮುಗಿಸುವ ಅಭ್ಯಾಸವೂ ಅಲ್ಲಲ್ಲಿ ಬೆಳೆಯಿತೆಂಬುದನ್ನು ಮರೆಮಾಚಿ ಪ್ರಯೋಜನವಿಲ್ಲ.

ಕೌಶಲದ ಪ್ರಶ್ನೆಗೆ ನೇರವಾದ ಉತ್ತರವು ಉಜಿರೆಯಿಂದ ಬಂದಿತು. ಧರ್ಮಸ್ಥಳದ ಶ್ರೀ ವೀರೇಂದ್ರ ಹೆಗ್ಗಡೆಯವರ ಪ್ರೇರಣೆಯಿಂದ ಅಲ್ಲಿನ ಶಿಕ್ಷಣ ಸಂಸ್ಥೆಯೂ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೂ ಕೂಡಿ 1982ರಲ್ಲಿ ತೆರೆದ ರುಡ್‌ಸೆಟ್ ಸಂಸ್ಥೆಯು ನಿರುದ್ಯೋಗಿ ತರುಣರಿಗೆ ಊಟ ವಸತಿಗಳೊಡನೆ ಉಚಿತವಾಗಿ ಕಸುಬು ಕಲಿಸಿ, ಆಮೇಲೆ ಬ್ಯಾಂಕಿನ ಬಾಗಿಲಿಗೆ ಕಳುಹಿಸುತ್ತಿತ್ತು. ಕಳುಹಿಸಿ ಕೈತೊಳೆದುಕೊಳ್ಳದೆ ಎರಡು ವರ್ಷಗಳ ಕಾಲ ಬೆನ್ನ ಹಿಂದೆ ನಿಲ್ಲುತ್ತಿತ್ತು. ತರಬೇತಿ ಮೊದಲು, ಸಾಲ ಆಮೇಲೆ ಎಂಬ ಈ ಕ್ರಮವನ್ನೇ ಕೇಂದ್ರ ಸರ್ಕಾರವು 2009ರಿಂದ ದೇಶದ ಜಿಲ್ಲೆ ಜಿಲ್ಲೆಗೂ ಒಂದೊಂದು ಸಂಸ್ಥೆಯಂತೆ ಅನುಸರಿಸಿತು. ಈ ಕ್ಷೇತ್ರದ ಸಮಗ್ರ ಇತಿಹಾಸದಲ್ಲಿ ಇದಕ್ಕಿಂತ ವಿವೇಕಯುತವಾದ ಹೆಜ್ಜೆ ಇನ್ನೊಂದಿಲ್ಲವೆಂದು ನನ್ನ ಮತ.

ಇನ್ನು ತದ್ವಿರುದ್ಧವಾದ ಹೆಜ್ಜೆಯ ಮಾತು. ಗುಂಪಿನ ಹೊಣೆಯನ್ನು ಉಳಿಸಿಕೊಂಡು, ಗುಂಪಿನ ಉಳಿತಾಯವನ್ನೂ ವಿಚಾರವನ್ನೂ ಕೈಬಿಟ್ಟ ಮೈಕ್ರೋ ಫೈನಾನ್ಸ್ ಕಂಪನಿಗಳು ಷೇರುಪೇಟೆಯ ವೇಗಕ್ಕೆ ಓಡತೊಡಗಿದಾಗ, ಒಬ್ಬಳೇ ಹೆಣ್ಣುಮಗಳ ಹೆಸರಿನಲ್ಲಿ ನಾಲ್ಕಾರು ಸಾಲಗಳು ಬಂದು ಕುಳಿತುವು. ಒಂದರ ಕಂತಿಗೆ ಇನ್ನೊಂದರ ಹಣ. 2009ರಲ್ಲಿ ಕೋಲಾರ, ರಾಮನಗರಗಳಂತಹ ರೇಷ್ಮೆಯ ಊರುಗಳಲ್ಲಿ ಮರುಪಾವತಿ ನಿಂತುಹೋಯಿತು. ಮರುವರ್ಷ ಆಂಧ್ರಪ್ರದೇಶವು ಈ ಕಂಪನಿಗಳಿಗೆ ಕಡಿವಾಣ ಹಾಕುವ ಸುಗ್ರೀವಾಜ್ಞೆ ಹೊರಡಿಸಿತು. ತಾನೇ ನೇಮಿಸಿದ್ದ ಮಾಲೇಗಾಂ ಸಮಿತಿಯ ವರದಿಯನ್ನನುಸರಿಸಿ 2011ರಲ್ಲಿ ರಿಸರ್ವ್ ಬ್ಯಾಂಕು ಇಂತಹ ಕಂಪನಿಗಳಿಗೆ ಪ್ರತ್ಯೇಕ ನಿಯಮಗಳನ್ನು ವಿಧಿಸಿತು. ಕುಟುಂಬದ ಕಂತುಗಳ ಮೊತ್ತವು ಅದರ ಮಾಸಿಕ ಆದಾಯದ ಅರ್ಧವನ್ನು ಮೀರಕೂಡದೆಂಬ ನಿಯಮ 2022ರದು. ಆದರೂ ಕಿರುಕುಳ ನಿಲ್ಲದೆ, ಕಂತಿನ ದಿನ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಪತ್ರಿಕೆಗಳಲ್ಲಿ ತುಂಬಿದ ಮೇಲೆ, 2025ರ ಫೆಬ್ರುವರಿಯಲ್ಲಿ ಕರ್ನಾಟಕವು ಬಲವಂತದ ವಸೂಲಿಗೆ ಹತ್ತು ವರ್ಷಗಳವರೆಗೆ ಸೆರೆವಾಸವನ್ನೂ ಐದು ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸುವ ಸುಗ್ರೀವಾಜ್ಞೆಯನ್ನು ತರಬೇಕಾಯಿತು.

ಈ ಶಾಸನವು ವಸೂಲಿಗಾರನ ಕೈಯನ್ನು ತಡೆಯಬಲ್ಲುದು; ಮಾರನೆಯ ದಿನ ಆ ಮನೆಯಾಕೆ ಮೀಟರ್ ಬಡ್ಡಿಯವನ ಬಾಗಿಲಿಗೆ ಹೋಗುವುದನ್ನು ತಡೆಯಲಾರದು. ಆ ಕೆಲಸ ಬ್ಯಾಂಕುಗಳದು, ತರಬೇತಿ ಸಂಸ್ಥೆಗಳದು, ಸಂಘಗಳ ಒಕ್ಕೂಟಗಳದು. ವಸೂಲಿಯು ನೂರಕ್ಕೆ ತೊಂಬತ್ತೊಂಬತ್ತು ಎಂದು ವಾರ್ಷಿಕ ವರದಿಗಳಲ್ಲಿ ಅಭಿಮಾನದಿಂದ ಅಚ್ಚುಹಾಕಿಸುವ ಸಂಸ್ಥೆಗಳು, ತಮ್ಮ ಸಾಲಗಾರರ ಪೈಕಿ ಎಷ್ಟು ಮಂದಿ ಕಸುಬೊಂದನ್ನು ಕಲಿತು ಮತ್ತೊಮ್ಮೆ ಸಾಲವೇ ಬೇಡವೆನ್ನುವ ಸ್ಥಿತಿಗೆ ಬಂದರೆಂಬ ಲೆಕ್ಕವನ್ನೂ ಅದೇ ಪುಟದಲ್ಲಿ ಅಚ್ಚುಹಾಕಿಸಲಿ.