ಚಂದಮಾಮ, ಟೂರಿಂಗ್ ಟಾಕೀಸು, ಪದಬಂಧ

ಜನ ದುಡಿದದ್ದಕ್ಕೆ ಚರಿತ್ರೆಯಲ್ಲಿ ದಾಖಲೆ ಸಿಕ್ಕುತ್ತದೆ. ಶಾಸನವಿರುತ್ತದೆ, ಕಂದಾಯದ ಲೆಕ್ಕವಿರುತ್ತದೆ. ಅವರು ಬಿಡುವಿನಲ್ಲಿ ಏನು ಮಾಡಿದರೆಂಬುದನ್ನು ಬರೆದಿಟ್ಟವರು ಕಡಮೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಮಟ್ಟಿಗೆ ಇದು ಸಣ್ಣ ನಷ್ಟವಲ್ಲ. ಈ ಸೀಮೆಯಲ್ಲಿ ಕನ್ನಡ ಓದುವ ಅಭ್ಯಾಸ ಹೇಗೆ ಬೇರೂರಿತೆಂದು ತಿಳಿಯಲು ಶಾಲೆಯ ಹಾಜರಿ ಪುಸ್ತಕವೊಂದೇ ಸಾಲದು. ಹುಡುಗರ ಭಾನುವಾರವನ್ನೂ ನೋಡಬೇಕು.

2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ಈ ಊರುಗಳು ಆಂಧ್ರದ ಅಂಚಿನಲ್ಲಿವೆ. ಗೌರಿಬಿದನೂರಿನಿಂದ ರೈಲು ಹಿಡಿದರೆ ಮುಂದೆ ಹಿಂದೂಪುರ. ಚಿಂತಾಮಣಿಯಿಂದ ಬಸ್ಸು ಹಿಡಿದರೆ ಮದನಪಲ್ಲಿ. ಎಷ್ಟೋ ಮನೆಗಳಲ್ಲಿ ಒಲೆಯ ಮುಂದಿನ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಕೈವಾರದ ತಾತಯ್ಯನವರು ಎರಡರಲ್ಲೂ ಪದ ಕಟ್ಟಿದರು. ಇಂಥ ಕಡೆ ಹುಡುಗನೊಬ್ಬ ಮೇಷ್ಟರ ಬೆತ್ತವಿಲ್ಲದೆ, ತಾನಾಗಿಯೇ ಕನ್ನಡ ಓದಲು ಕುಳಿತದ್ದು ಯಾತಕ್ಕೆ?

ಬಹುಮಟ್ಟಿಗೆ ಚಂದಮಾಮಕ್ಕಾಗಿ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು 1947ರ ಜುಲೈನಲ್ಲಿ ಮದರಾಸಿನಿಂದ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ಈ ಮಾಸಪತ್ರಿಕೆ ಕೆಲವು ಕಾಲದಲ್ಲಿಯೇ ಕನ್ನಡದಲ್ಲೂ ಬಂದಿತು. ತೆಲುಗಿನ ಹೆಸರಾಂತ ಕಥೆಗಾರ ಕೊಡವಟಿಗಂಟಿ ಕುಟುಂಬರಾಯರು 1952ರಿಂದ 1980ರಲ್ಲಿ ತೀರಿಕೊಳ್ಳುವವರೆಗೆ ಅದನ್ನು ತಿದ್ದಿ ತೀಡಿದವರು. ಕಥೆಗಳು ತೆಲುಗಿನಲ್ಲಿ ಸಿದ್ಧವಾಗಿ, ಬಳಿಕ ಉಳಿದ ಭಾಷೆಗಳಿಗೆ ಹೋಗುತ್ತಿದ್ದುವು. ಚಿಂತಾಮಣಿಯ ಹುಡುಗ ಅಜ್ಜಿಯಿಂದ ತೆಲುಗಿನಲ್ಲಿ ಕೇಳುವಂಥ ಕಥೆಯನ್ನು, ತೆಲುಗಿನವರೇ ಬರೆದದ್ದನ್ನು, ಕನ್ನಡದಲ್ಲಿ ಓದುತ್ತಿದ್ದನೆಂದಾಯಿತು! ಆ ಕನ್ನಡವೂ ಯಾವ ಊರಿನದೂ ಅಲ್ಲ; ಧಾರವಾಡದ್ದಲ್ಲ, ಮಂಗಳೂರಿನದಲ್ಲ, ಮೈಸೂರಿನ ಅಗ್ರಹಾರದ್ದಂತೂ ಅಲ್ಲ. ಪಂಡಿತರು ಇದನ್ನು ಸಪ್ಪೆಯೆಂದು ಮೂಗು ಮುರಿಯಬಹುದು. ಆದರೆ ಮನೆಯಲ್ಲಿ ಬೇರೆ ನುಡಿಯಾಡುವ ಮಗುವಿಗೆ ಯಾರ ಸ್ವತ್ತೂ ಅಲ್ಲದ ಆ ಕನ್ನಡ ಸುಲಭವಾಗಿ ತನ್ನದಾಯಿತು. ಕನ್ನಡಿಗರಾದ ಎಂ. ಟಿ. ವಿ. ಆಚಾರ್ಯರು ಮುಖಪುಟಕ್ಕೆ ಬರೆದ ಮಹಾಭಾರತದ ಚಿತ್ರಗಳಿಗೆ ಓದು ಬಾರದವರ ಕಣ್ಣೂ ಸೋಲುತ್ತಿತ್ತು.

ಶಿಡ್ಲಘಟ್ಟದ ಕಡೆಯ ರೇಷ್ಮೆ ಮನೆಗಳಲ್ಲಿ ಭಾನುವಾರವೆಂಬುದು ಪಂಚಾಂಗದಲ್ಲಿ ಮಾತ್ರ. ಹುಳು ಹಣ್ಣಾಗುವ ದಿನಗಳಲ್ಲಿ ಮಕ್ಕಳಿಗೂ ಬಿಡುವಿಲ್ಲ. ಆರಿಸಿ ಚಂದ್ರಿಕೆಗೆ ಬಿಡಬೇಕು. ಬಿದಿರಿನ ತಟ್ಟಿಗೂ ಮಕ್ಕಳ ಪತ್ರಿಕೆಗೂ ಚಂದ್ರನ ಹೆಸರೇ ಬಂದದ್ದು ಒಂದು ಸೊಗಸು. ಗೂಡು ಕಟ್ಟಿ ಮುಗಿದ ಮೇಲೆ ಒಂದೆರಡು ದಿನ ಉಸಿರಾಡಲು ಸಿಕ್ಕಿದರೆ ಅದೇ ಓದಿನ ಹಬ್ಬ.

ಚಂದಮಾಮದ ಬೇತಾಳನನ್ನು ಬರಿಯ ಕಥೆಯೆಂದು ಎಣಿಸಲಾಗದು. ಶಂಕರ್ ಎಂದು ಹೆಸರಾದ ಕೆ. ಸಿ. ಶಿವಶಂಕರನ್ ಬರೆದ ಆ ಚಿತ್ರ ಯಾರಿಗೆ ನೆನಪಿಲ್ಲ? ಒಂದು ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ. ಸಂಸ್ಕೃತದ ಬೇತಾಳ ಕಥೆಗಳು ಇಪ್ಪತ್ತೈದು. ಪತ್ರಿಕೆ ಅವು ಮುಗಿದ ಬಳಿಕವೂ ಹೊಸತನ್ನು ಹೆಣೆಯುತ್ತ ದಶಕಗಟ್ಟಲೆ ನಡೆಸಿತು. ಪ್ರತಿ ಕಥೆಯ ಕೊನೆಗೆ ಒಂದು ಧರ್ಮಸೂಕ್ಷ್ಮದ ಪ್ರಶ್ನೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಹಸ್ರ ಹೋಳು. ಹುಡುಗರು ಅಲ್ಲಿಗೆ ನಿಲ್ಲಿಸಿ, ಮುಂದಿನ ಸಾಲನ್ನು ಅಂಗೈಯಿಂದ ಮುಚ್ಚಿ ವಾದ ಮಾಡಬಹುದಿತ್ತು. ಒಗಟು ಬಿಡಿಸುವ ಹಳೆಯ ಜಗಲಿಯ ಚಟ ಅಚ್ಚಿನಲ್ಲಿ ಮುಂದುವರಿದದ್ದು ಹೀಗೆ.

ಮಾತನ್ನು ಚಿತ್ರದೊಳಗೇ ಬರೆಯುವ ಕಾಮಿಕ್ಸು ಬಂದದ್ದು ಆಮೇಲೆ. 1964ರಲ್ಲಿ ಟೈಮ್ಸ್ ಆಫ್ ಇಂಡಿಯಾದವರು ಇಂದ್ರಜಾಲ ಕಾಮಿಕ್ಸನ್ನು ಆರಂಭಿಸಿ, ಲೀ ಫಾಕ್‌ನ ಫ್ಯಾಂಟಮ್‌ನನ್ನು ನಮ್ಮ ಮಕ್ಕಳಿಗೆ ಪರಿಚಯಿಸಿದರು. ಅದು ಮುಂದೆ ಕನ್ನಡದಲ್ಲೂ ಬಂದು 1990ರಲ್ಲಿ ನಿಂತಿತು. ಅಮರ ಚಿತ್ರಕಥೆಯ ಪ್ರಸಂಗ ಇನ್ನೂ ಸ್ವಾರಸ್ಯ. ಆ ಮಾಲೆಯಲ್ಲಿ ಅನಂತ ಪೈಯವರ ‘ಕೃಷ್ಣ’ಕ್ಕೆ ಹನ್ನೊಂದನೆಯ ಸಂಖ್ಯೆ. ಮೊದಲ ಹತ್ತು ಎಲ್ಲಿ? ಅವು ಪಾಶ್ಚಾತ್ಯ ಕಥೆಗಳು. 1965ರಲ್ಲಿ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯ ಜಿ. ಕೆ. ಅನಂತರಾಮ್ ಅವನ್ನು ಕನ್ನಡದಲ್ಲಿ ಹೊರತಂದಿದ್ದರು. ಇಂಗ್ಲಿಷಿನಲ್ಲಿ ಜಗತ್ಪ್ರಸಿದ್ಧವಾದ ಮಾಲೆ ಮೊದಲು ಕಣ್ಣು ಬಿಟ್ಟದ್ದು ಕನ್ನಡದಲ್ಲಿ. ಕಾರ್ಕಳದಲ್ಲಿ ಹುಟ್ಟಿದ ಪೈಯವರ ಕೀರ್ತಿಗೆ ಇದರಿಂದ ಕುಂದಿಲ್ಲ. ಆದರೆ ಅನಂತರಾಮ್ ಅವರ ಹೆಸರನ್ನು ಎಷ್ಟು ಜನ ಕನ್ನಡಿಗರು ಬಲ್ಲರು?

ಸಂಜೆಗೆ ಸಿನಿಮಾ. ಊರಾಚೆಯ ಬಯಲಿನ ಟೂರಿಂಗ್ ಟಾಕೀಸಿನ ಡೇರೆಯಲ್ಲಿ ನೆಲದ ಟಿಕೆಟ್ಟಿನ ಹುಡುಗ ಮರಳನ್ನು ಗುಡ್ಡೆ ಮಾಡಿಕೊಂಡು ಎತ್ತರದಲ್ಲಿ ಕೂರುತ್ತಿದ್ದ. ಪರದೆಯ ಮೇಲೆ ಮೆರೆಯುತ್ತಿದ್ದುದು ಬಹಳ ವೇಳೆ ತೆಲುಗು: ‘ಪಾತಾಳಭೈರವಿ’ (1951), ‘ಮಾಯಾಬಜಾರ್’ (1957). ಇವನ್ನು ತೆಗೆದ ವಿಜಯಾ ಸಂಸ್ಥೆಯವರೂ ಅದೇ ನಾಗಿರೆಡ್ಡಿ, ಚಕ್ರಪಾಣಿಯವರೇ. ಬೆಳಿಗ್ಗೆ ಕನ್ನಡದಲ್ಲಿ ಓದಿದ ಮಾಂತ್ರಿಕ ಸಂಜೆ ತೆಲುಗಿನಲ್ಲಿ ಗರ್ಜಿಸುತ್ತಿದ್ದ. ಒಂದೇ ಮನೆಯ ಸರಕು, ಎರಡು ಬಾಗಿಲು. ಅರವತ್ತರ ದಶಕದಲ್ಲಿ ಕನ್ನಡ ಚಿತ್ರಗಳಿಗೆ ನಮ್ಮ ಚಿತ್ರಮಂದಿರಗಳಲ್ಲೇ ಜಾಗವಿಲ್ಲವೆಂದು ಚಳವಳಿ ಹೂಡಿದವರಲ್ಲಿ ಮುಂಚೂಣಿಯಲ್ಲಿದ್ದ ಅ. ನ. ಕೃಷ್ಣರಾಯರು ಕೋಲಾರದಲ್ಲಿ ಹುಟ್ಟಿದವರೆಂಬುದನ್ನು ಇಲ್ಲಿ ನೆನೆಯಬೇಕು. 1965ರಲ್ಲಿ ಕೆ. ವಿ. ರೆಡ್ಡಿಯವರು ‘ಸತ್ಯಹರಿಶ್ಚಂದ್ರ’ವನ್ನು ರಾಮರಾಯರನ್ನಿಟ್ಟು ತೆಲುಗಿನಲ್ಲಿ ನಿರ್ದೇಶಿಸಿ, ರಾಜ್‌ಕುಮಾರರನ್ನಿಟ್ಟು ಕನ್ನಡದಲ್ಲಿ ನಿರ್ಮಿಸಿದರು, ಕನ್ನಡದ್ದನ್ನು ನಿರ್ದೇಶಿಸಿದವರು ಹುಣಸೂರು ಕೃಷ್ಣಮೂರ್ತಿ. ಜನಮನದಲ್ಲಿ ನಿಂತದ್ದು ಕನ್ನಡದ್ದು.

ಚಂದಮಾಮ 1998ರಲ್ಲಿ ಒಮ್ಮೆ ನಿಂತು, ಮತ್ತೆ ಎದ್ದು, 2013ರ ಹೊತ್ತಿಗೆ ಪೂರ್ತಿ ಕಣ್ಮರೆಯಾಯಿತು. ಡೇರೆಗಳು ಅದಕ್ಕೆ ಮೊದಲೇ ಹೋಗಿದ್ದುವು. ಉಳಿದುಕೊಂಡದ್ದು ಪದಬಂಧ. ಆರ್ಥರ್ ವಿನ್ ಎಂಬಾತ 1913ರ ಡಿಸೆಂಬರ್ 21ರಂದು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದ ಆಟವಿದು. ಕನ್ನಡದಲ್ಲಿ ಇದನ್ನು ಮನೆಮಾತಾಗಿಸಿದವರಲ್ಲಿ ಪ್ರಮುಖರಾದ ಅ. ನಾ. ಪ್ರಹ್ಲಾದರಾವ್ ಕೋಲಾರದ ಬಳಿಯ ಅಬ್ಬಣಿಯವರು. ಸಾವಿರಗಟ್ಟಲೆ ಪದಬಂಧಗಳನ್ನು ಕಟ್ಟಿದ್ದಲ್ಲದೆ ರಾಜ್‌ಕುಮಾರರ ಜೀವನಚರಿತ್ರೆಯನ್ನೂ ಬರೆದರು. ಎರಡು ನುಡಿಗಳ ಸೀಮೆಯಿಂದಲೇ ಇಂಥವರು ಬಂದದ್ದು ನನಗೆ ಆಕಸ್ಮಿಕವಾಗಿ ತೋರುವುದಿಲ್ಲ.

ಇಂಗ್ಲಿಷಿನಲ್ಲಿ ಒಂದು ಚೌಕಕ್ಕೆ ಒಂದು ಲಿಪಿ. ನಮ್ಮಲ್ಲಿ ಕಾಗುಣಿತ, ಒತ್ತು, ಸೊನ್ನೆ ಸಮೇತ ಇಡೀ ಅಕ್ಷರ. ಆಡುವಾಗ ಅಳಿಸಿಹೋಗುವ ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಚೌಕದಲ್ಲಿ ಅಳಿಸುವಂತಿಲ್ಲ. ಚಿಂತಾಮಣಿಗೆ ನಾಲ್ಕು ಮನೆ: ಚಿಂ, ತಾ, ಮ, ಣಿ. ಅಡ್ಡಲಾಗಿ ಅದನ್ನು ಬರೆದು ಎರಡನೆಯ ಮನೆಯಿಂದ ಕೆಳಕ್ಕೆ ‘ತಾತಯ್ಯ’ನನ್ನು ಇಳಿಸಬಹುದು. ಶಿಡ್ಲಘಟ್ಟಕ್ಕೂ ನಾಲ್ಕೇ ಮನೆ, ಆದರೆ ಎರಡನೆಯದು ‘ಡ್ಲ’. ಅಲ್ಲಿಂದ ಕೆಳಕ್ಕೆ ಏನು ಇಳಿಸುವುದು? ಕಡ್ಲೆ ಎಂದು ಆತುರಪಡಬೇಡಿ, ಅದು ‘ಡ್ಲೆ’.