ಮಲೆನಾಡಿನ ನೆಲ: ಜನರನ್ನು ಕೇಳಿದ್ದು ಯಾವಾಗ?

ರೈಲಿನಲ್ಲಿ ಸಕಲೇಶಪುರ ದಾಟಿ ಸುಬ್ರಹ್ಮಣ್ಯದ ಕಡೆಗೆ ಘಾಟಿ ಇಳಿದಿದ್ದೀರಾ? ಯಡಕುಮರಿಯ ಆಸುಪಾಸಿನಲ್ಲಿ ಒಂದು ಸುರಂಗ ಮುಗಿದು ಇನ್ನೊಂದು ಬರುವಷ್ಟರಲ್ಲಿ ಕೆಳಗೆ ಹೊಳೆಯೊಂದು ಕಂಡು ಮರೆಯಾಗುತ್ತದೆ. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳ ಮುಂತಾದ ಇಲ್ಲಿನ ಹಳ್ಳಗಳ ನೀರು ಗುಂಡ್ಯ ಹೊಳೆಯಾಗಿ, ಕುಮಾರಧಾರೆಯ ಮೂಲಕ ನೇತ್ರಾವತಿಯನ್ನು ಸೇರುತ್ತದೆ. ಈ ನೆಲ, ಈ ನೀರು ಯಾವುದಕ್ಕೆ ಬಳಕೆಯಾಗಬೇಕೆಂದು ತೀರ್ಮಾನಿಸುವಾಗ ಇಲ್ಲಿನ ಜನರನ್ನು ಕೇಳಿದರೇ? ಒಮ್ಮೆ ಕೇಳಿದರು, ಇನ್ನೊಮ್ಮೆ ಕೇಳಲಿಲ್ಲ. ಅದರ ಕಥೆ ಇದು.

ಮೊದಲು ನಿಯಮವನ್ನು ತಿಳಿದುಕೊಳ್ಳೋಣ. ಕೇಂದ್ರ ಪರಿಸರ ಸಚಿವಾಲಯದ 2006ರ ಸೆಪ್ಟೆಂಬರ್ 14ರ ಅಧಿಸೂಚನೆಯ ಪ್ರಕಾರ, ಅದರ ಪಟ್ಟಿಯಲ್ಲಿರುವ ದೊಡ್ಡ ಯೋಜನೆಗಳಲ್ಲಿ ಹೆಚ್ಚಿನವಕ್ಕೆ ಅನುಮತಿ ಕೊಡುವ ಮೊದಲು ಆ ಸ್ಥಳದಲ್ಲಿಯೇ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಕನಿಷ್ಠ 30 ದಿನ ಮುಂಚೆ ಪ್ರಕಟಣೆ ಕೊಡಬೇಕು. ವರದಿಯ ಸಾರಾಂಶ ಜನರ ಭಾಷೆಯಲ್ಲಿರಬೇಕು. ಆದರೆ ಇದು ಮತದಾನವಲ್ಲ. ಊರಿಗೆ ಊರೇ ಬೇಡವೆಂದರೂ ಆ ಮಾತು ದಾಖಲಾಗಿ ಮೇಲಿನವರಿಗೆ ಹೋಗುತ್ತದೆ, ಅಷ್ಟೆ. ಅದು ಸಣ್ಣ ಸಂಗತಿಯೆಂದು ಭಾವಿಸಬೇಡಿ.

ಕರ್ನಾಟಕ ವಿದ್ಯುತ್ ನಿಗಮ ಇದೇ ಹಳ್ಳಗಳ ನೀರಿನಿಂದ ಗುಂಡ್ಯ ಜಲವಿದ್ಯುತ್ ಯೋಜನೆಯನ್ನು ರೂಪಿಸಿತ್ತು. ಬೆಟ್ಟಕುಮರಿಯಲ್ಲಿ ಜಲಾಶಯ, ಮೊದಲ ಹಂತದಲ್ಲಿ 200 ಮೆಗಾವಾಟ್ ವಿದ್ಯುತ್. ಜಲವಿದ್ಯುತ್ ಪಟ್ಟಿಯಲ್ಲಿ ಇದ್ದುದರಿಂದ ಅಹವಾಲು ಸಭೆ ನಡೆಯಲೇಬೇಕಾಯಿತು. ಊರಿನವರು ತಮ್ಮ ಆಕ್ಷೇಪಗಳನ್ನು ಹೇಳಿದರು. 2010ರಲ್ಲಿ ರಚನೆಯಾದ ಮಾಧವ ಗಾಡ್ಗೀಳರ ಪಶ್ಚಿಮ ಘಟ್ಟ ತಜ್ಞರ ಸಮಿತಿಯೂ ಇಲ್ಲಿಗೆ ಬಂದು ಜನರ ಮಾತು ಕೇಳಿತು. ಯೋಜನೆಗೆ ಅನುಮತಿ ಕೊಡಬಾರದೆಂದು 2011ರ ತನ್ನ ವರದಿಯಲ್ಲಿ ಬರೆಯಿತು. ಆ ಅಣೆಕಟ್ಟು ಆಗಲಿಲ್ಲ.

ಇಷ್ಟಾದ ಮೇಲೆ ಬಂದದ್ದು ಎತ್ತಿನಹೊಳೆ ಯೋಜನೆ. ಅದೇ ಬೆಟ್ಟ, ಅದೇ ಹಳ್ಳಗಳು. ಮಳೆಗಾಲದ ಸುಮಾರು 24 ಟಿಎಂಸಿ ನೀರನ್ನು ಮೇಲಕ್ಕೆತ್ತಿ ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಹರಿಸುವ ಉದ್ದೇಶ. ಇದನ್ನು ಕುಡಿಯುವ ನೀರಿನ ಯೋಜನೆ ಎಂದು ಪರಿಗಣಿಸಲಾಯಿತು. ಕುಡಿಯುವ ನೀರು 2006ರ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಆ ನಿಯಮದ ಅಹವಾಲು ಸಭೆಯೂ ಬೇಕಾಗಲಿಲ್ಲ. 2014ರಲ್ಲಿ ಶಂಕುಸ್ಥಾಪನೆಯಾಯಿತು. ತಕರಾರು ಹಸಿರು ನ್ಯಾಯಮಂಡಳಿಗೆ ಹೋದರೂ, 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತ ಉದ್ಘಾಟನೆಯಾಯಿತು. ಬಯಲುಸೀಮೆಯ ಬಾಯಾರಿಕೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಬೆಟ್ಟ ಅಗೆದು ಕೊಳವೆ ಹೂಳುವಾಗ ಪಕ್ಕದ ತೋಟದವನನ್ನು ಕೇಳಬೇಕೋ ಬೇಡವೋ ಎಂಬುದನ್ನು ಯೋಜನೆಯ ಹೆಸರು ನಿರ್ಧರಿಸಿತಲ್ಲ, ಅದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಇನ್ನು ನಕ್ಷೆಯ ವಿಷಯ. ಗಾಡ್ಗೀಳ್ ಸಮಿತಿ ಸೂಕ್ಷ್ಮ ವಲಯಗಳನ್ನು ಗುರುತಿಸಿದರೂ, ಗ್ರಾಮಸಭೆಗಳ ಅಭಿಪ್ರಾಯ ಪಡೆದೇ ಗಡಿಗಳನ್ನು ಅಂತಿಮಗೊಳಿಸಬೇಕೆಂದಿತ್ತು. ಅದರ ನಂತರದ ಕಸ್ತೂರಿರಂಗನ್ ಸಮಿತಿ 2013ರಲ್ಲಿ ಉಪಗ್ರಹ ಚಿತ್ರಗಳನ್ನು ಆಧರಿಸಿತು: ಹಳ್ಳಿಯ ವಿಸ್ತೀರ್ಣದಲ್ಲಿ ಶೇಕಡ 20 ಅಥವಾ ಅದಕ್ಕಿಂತ ಹೆಚ್ಚು ಭಾಗ ಸೂಕ್ಷ್ಮವೆಂದು ಕಂಡರೆ ಇಡೀ ಹಳ್ಳಿಯೇ ಪಟ್ಟಿಗೆ. ಸಕಲೇಶಪುರ, ಆಲೂರು ತಾಲ್ಲೂಕುಗಳೂ ಅದರಲ್ಲಿ ಬಂದವು. ನೆರಳು ಮರಗಳ ಕೆಳಗಿನ ಕಾಫಿ ತೋಟವನ್ನು ಉಪಗ್ರಹ ಕಾಡೆಂದು ಎಣಿಸಿತೆಂಬುದು ಬೆಳೆಗಾರರ ಆಕ್ಷೇಪ. ವಿಜ್ಞಾನ ಓದಿದ ನನಗೆ ಉಪಗ್ರಹದ ಮೇಲೆ ಅಪನಂಬಿಕೆಯಿಲ್ಲ. ಆದರೆ ಮೇಲಿನಿಂದ ತೆಗೆದ ಚಿತ್ರದಲ್ಲಿ ಎಲ್ಲವೂ ಹಸಿರಾಗಿಯೇ ಕಾಣುವುದು ನಮ್ಮ ಕ್ಯಾಮೆರಾದವರಿಗೂ ಗೊತ್ತು. ಬೇಲಿ ಎಲ್ಲಿದೆಯೆಂದು ಇಳಿದು ಕೇಳಬೇಕು.

2014ರಿಂದ 2024ರ ಜುಲೈ 31ರವರೆಗೆ ಆರು ಕರಡು ಅಧಿಸೂಚನೆಗಳು ಬಂದವು. ಕರಡು ಹೊರಟಾಗ ಆಕ್ಷೇಪ ಸಲ್ಲಿಸಲು ಜನರಿಗೆ 60 ದಿನ. ಆರನೆಯ ಕರಡಿನಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಸೇರಿತ್ತು. ಅದೇ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ತಿರಸ್ಕರಿಸಿತು.