ಬ್ರೌಸರುಗಳಲ್ಲಿ ಕನ್ನಡ ಪುಟವಿನ್ಯಾಸ: ಇತಿಹಾಸ

ಒಂದೇ ವೆಬ್ ಪುಟ ಒಂದು ಬ್ರೌಸರಿನಲ್ಲಿ ಅಚ್ಚುಕಟ್ಟಾಗಿಯೂ ಇನ್ನೊಂದರಲ್ಲಿ, ಅದರಲ್ಲೂ ಹಳೆಯದರಲ್ಲಿ, ಚೆಲ್ಲಾಪಿಲ್ಲಿಯಾಗಿಯೂ ಕಾಣುವುದುಂಟು. ಅದನ್ನು ಸರಿಪಡಿಸುವುದು ಇಂಗ್ಲಿಷ್ ಪುಟ ಮಾಡುವವರಿಗೆ ಬಹುಮಟ್ಟಿಗೆ ಅಂಕಣ, ಅಂಚು, ಚಿತ್ರಗಳ ಜಾಗಕ್ಕೆ ಸಂಬಂಧಿಸಿದ ಕೆಲಸ. ಕನ್ನಡ ಪುಟ ಮಾಡಿದವರು ಅದಕ್ಕೂ ಮೊದಲು ಅಕ್ಷರ ಅಕ್ಷರವಾಗಿ ಮೂಡುವಂತೆ ನೋಡಿಕೊಳ್ಳಬೇಕಾಯಿತು.

ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ಮೂರು ತಾಲ್ಲೂಕುಗಳ ಹೆಸರುಗಳಲ್ಲೇ ಈ ತೊಡಕು ಸ್ಪಷ್ಟವಾಗುತ್ತದೆ. ಲಿಪಿಗಳ ಅಕ್ಷರಗಳಿಗೆ ಸಂಕೇತ ಗೊತ್ತುಪಡಿಸುವ ಮಾನಕವಾದ ಯೂನಿಕೋಡಿನಲ್ಲಿ ‘ಕೊಪ್ಪ’ ಐದು ಸಂಕೇತಗಳ ಸರಣಿ. ಅದರ ಕೊನೆಯ ಪಕಾರ ಒತ್ತಾಗಿ ಕೆಳಗಿಳಿಯಬೇಕು. ಇಳಿದಾಗ, ಸಾಲಿನ ಎತ್ತರವನ್ನು ರೋಮನ್ ಲಿಪಿಗೆ ಹೊಂದಿಸಿದ ಪುಟದಲ್ಲಿ ಒತ್ತಿನ ಬುಡ ಕತ್ತರಿಸಿಹೋಗುತ್ತದೆ, ಇಲ್ಲವೇ ಕೆಳಗಿನ ಸಾಲಿಗೆ ತಾಗುತ್ತದೆ. ಏಳು ಸಂಕೇತಗಳ ‘ಶೃಂಗೇರಿ’ಯಲ್ಲಿ ವಟ್ರಸುಳಿ ಶಕಾರದ ಬಲಕ್ಕೆ ಕೆಳಗೆ ಕೂರಬೇಕು, ಅಕ್ಷರ ಜೋಡಿಸಲು ಬಾರದ ಬ್ರೌಸರಿನಲ್ಲಿ ಅದು ಬಿಡಿಯಾಗಿ ನಿಲ್ಲುತ್ತದೆ. ‘ನರಸಿಂಹರಾಜಪುರ’ದಲ್ಲಿ ಒಂದೂ ಒತ್ತಕ್ಷರವಿಲ್ಲ, ಆದರೆ ಅದು ನಡುವೆ ತೆರಪಿಲ್ಲದ ಉದ್ದನೆಯ ಪದ. ಕಿರಿದಾದ ಅಂಕಣದಲ್ಲಿ ಅಂಥ ಪದ ಬಂದರೆ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಪೆಟ್ಟಿಗೆಯನ್ನೇ ಹಿಗ್ಗಿಸುತ್ತಿತ್ತು. ಪಕ್ಕದ ಅಂಕಣ ಜಾಗ ಸಾಲದೆ ಪುಟದ ಕೆಳಕ್ಕೆ ಜಾರುತ್ತಿತ್ತು. ಬೇರೆ ಬ್ರೌಸರುಗಳಲ್ಲಿ ಪೆಟ್ಟಿಗೆಯ ಅಗಲ ಬದಲಾಗದೆ ಪದ ಮಾತ್ರ ಹೊರಚಾಚುತ್ತಿತ್ತು.

ವಿನ್ಯಾಸದ ನಿಯಮಗಳಾದ ಸಿಎಸ್ಎಸ್‌ನ ಮೊದಲ ಆವೃತ್ತಿ 1996ರ ಡಿಸೆಂಬರಿನಲ್ಲಿ ಬಂದಿತು. ನೆಟ್‌ಸ್ಕೇಪ್ ಮತ್ತು ಮೈಕ್ರೋಸಾಫ್ಟ್ ಪೈಪೋಟಿಯಲ್ಲಿ ಅದನ್ನು ತಮ್ಮ ತಮ್ಮ ರೀತಿಯಲ್ಲಿ ಅಳವಡಿಸಿದವು. ಪೆಟ್ಟಿಗೆಯ ಅಗಲದಲ್ಲಿ ಒಳಅಂಚು ಸೇರಬೇಕೇ ಎಂಬಷ್ಟು ಮೂಲಭೂತ ವಿಷಯದಲ್ಲೂ ಎಕ್ಸ್‌ಪ್ಲೋರರ್ 5 ನಿಯಮಕ್ಕಿಂತ ಬೇರೆ ಲೆಕ್ಕ ಹಿಡಿದಿತ್ತು. ಹಾಗಾಗಿ ಆ ಬ್ರೌಸರಿಗೆ ಮಾತ್ರ ಅರ್ಥವಾಗುವ ಷರತ್ತಿನ ಟಿಪ್ಪಣಿಗಳನ್ನು ಪುಟದಲ್ಲಿ ಹಾಕಿ ಬೇರೆಯದೇ ಅಳತೆ ಕೊಡುವ ರೂಢಿ ಬೆಳೆಯಿತು. ಈ ಟಿಪ್ಪಣಿಗಳು ಎಕ್ಸ್‌ಪ್ಲೋರರ್ 9ರವರೆಗೂ ನಡೆದವು.

ಕನ್ನಡದ ಮೊದಲ ಅಂತರಜಾಲ ಪತ್ರಿಕೆ ‘ವಿಶ್ವಕನ್ನಡ’ವನ್ನು ಯು. ಬಿ. ಪವನಜ 1996ರಲ್ಲಿ ಆರಂಭಿಸಿದಾಗ ಓದುಗರ ಕಂಪ್ಯೂಟರುಗಳಲ್ಲಿ ಕನ್ನಡ ಫಾಂಟ್ ಇರುವ ಭರವಸೆಯೇ ಇರಲಿಲ್ಲ. ಆ ಕಾಲದ ತಾಣಗಳ ಮುಂದಿದ್ದ ದಾರಿಗಳು ಕೆಲವೇ. ಪಠ್ಯವನ್ನು ಚಿತ್ರವಾಗಿಸಬಹುದಿತ್ತು, ಆದರೆ ಅದರಲ್ಲಿ ಪದ ಹುಡುಕಲಾಗದು. ಓದುಗರೇ ಫಾಂಟ್ ಇಳಿಸಿಕೊಳ್ಳಲಿ ಎನ್ನಬಹುದಿತ್ತು. 1997ರ ಬಳಿಕ ಪುಟದ ಜೊತೆಗೇ ಬರುವ ಡೈನಮಿಕ್ ಫಾಂಟ್‌ಗಳು ಸಿಕ್ಕವು, ಆದರೆ ನೆಟ್‌ಸ್ಕೇಪ್‌ಗೆ ಒಂದು ಬಗೆಯ ಕಡತ, ಎಕ್ಸ್‌ಪ್ಲೋರರಿಗೆ ಇನ್ನೊಂದು. ಇಬ್ಬರೂ ಓದಬೇಕಾದರೆ ಎರಡನ್ನೂ ತಯಾರಿಸಿಡಬೇಕಿತ್ತು.

ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಮುಂತಾದ ತಂತ್ರಾಂಶಗಳು ಕನ್ನಡದ ಬರವಣಿಗೆಯನ್ನು ಮನೆಮನೆಗೆ ತಲುಪಿಸಿದವು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ಹೆಸರಿನಲ್ಲೂ ಹಂಪಿ ಕನ್ನಡ ವಿಶ್ವವಿದ್ಯಾಲಯ ತಂತ್ರಾಂಶ ಹೊರತಂದಿತು. ಅದರ ಹಿಂದೆ ಪೂರ್ಣಚಂದ್ರ ತೇಜಸ್ವಿಯವರ ಒತ್ತಾಸೆಯಿತ್ತು. ಬರಹ, ನುಡಿಗಳ ಆರಂಭದ ಫಾಂಟ್‌ಗಳಲ್ಲಿ ಕನ್ನಡದ ತುಣುಕುಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂತಿದ್ದವು. ಅಚ್ಚಿಗೆ ಅದು ಸಾಕಾಗಿತ್ತು. ವೆಬ್ಬಿನಲ್ಲಿ ಮಾತ್ರ, ಫಾಂಟ್ ಸಿಗದ ಕಡೆಯೆಲ್ಲ ಇಡೀ ಲೇಖನ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತಿತ್ತು. ಹಾಗೆ ಪ್ರಕಟವಾದ ಎಷ್ಟೋ ಒಳ್ಳೆಯ ಬರಹ ಇಂದು ಹುಡುಕಾಟಕ್ಕೆ ಸಿಗದಂತಾಗಿರುವುದು ಕನ್ನಡಕ್ಕೆ ಆದ ನಿಜವಾದ ನಷ್ಟ.

ಯೂನಿಕೋಡಿನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿತ್ತು. ಅದು ಪರದೆಗೆ ಬರಲು 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರ ‘ತುಂಗಾ’ ಫಾಂಟ್ ಬೇಕಾದವು. ಆಗಲೂ ಸಂಕೀರ್ಣ ಲಿಪಿಗಳ ಬೆಂಬಲವನ್ನು ಬಳಕೆದಾರರೇ ಸೆಟ್ಟಿಂಗ್ಸ್‌ಗೆ ಹೋಗಿ ಸೇರಿಸಿಕೊಳ್ಳಬೇಕಿತ್ತು. ವಿಂಡೋಸ್ 98 ಉಳಿಸಿಕೊಂಡವರಿಗೆ ಕಂಡದ್ದು ಖಾಲಿ ಚೌಕಗಳು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಯೂನಿಕೋಡನ್ನೇ ನೆಚ್ಚಿಕೊಂಡಿತು. ನನ್ನ ಎಣಿಕೆಯಲ್ಲಿ ಈ ಇತಿಹಾಸದ ಅತ್ಯಂತ ದೂರದೃಷ್ಟಿಯ ತೀರ್ಮಾನ ಅದು.

ಫೈರ್‌ಫಾಕ್ಸಿನ ಹಳೆಯ ಆವೃತ್ತಿಗಳ ತೊಂದರೆ ಬೇರೆ ಬಗೆಯದು. ಸಾಮಾನ್ಯ ಸಾಲುಗಳು ಸರಿಯಾಗಿ ಕಂಡರೂ, ಪತ್ರಿಕೆಯ ಅಂಕಣದಂತೆ ಎರಡೂ ಅಂಚು ಸಮ ಮಾಡಿದೊಡನೆ ಒತ್ತುಗಳು ಕಳಚಿ ಬೀಳುತ್ತಿದ್ದವು. ತೆರಪನ್ನು ಪದಗಳ ನಡುವೆ ಹಂಚುವ ಹಂತದಲ್ಲಿ ಅಕ್ಷರ ಜೋಡಣೆ ಕೆಡುತ್ತಿದ್ದುದೇ ಕಾರಣ. ಸಮ ಅಂಚಿನ ಆಸೆ ಬಿಟ್ಟು ಎಡಕ್ಕೆ ಮಾತ್ರ ಹೊಂದಿಸುವುದೇ ಪರಿಹಾರವಾಗಿತ್ತು. 2008ರ ಫೈರ್‌ಫಾಕ್ಸ್ 3ರಲ್ಲಿ ಪಠ್ಯ ಮೂಡಿಸುವ ಭಾಗವೇ ಹೊಸದಾಯಿತು. ಹಳೆಯ ಮೊಬೈಲುಗಳಿಗೆ ಒಪೇರಾ ಮಿನಿ ಒಂದು ಉಪಾಯ ಕೊಟ್ಟಿತು: ಅದರ ಒಳ ಸೆಟ್ಟಿಂಗ್ಸ್‌ನಲ್ಲಿ ಸಂಕೀರ್ಣ ಲಿಪಿಗೆ ಬಿಟ್‌ಮ್ಯಾಪ್ ಫಾಂಟ್ ಎಂದು ಆರಿಸಿದರೆ, ಸರ್ವರಿನಲ್ಲೇ ಜೋಡಿಸಿದ ಅಕ್ಷರಗಳು ಚಿತ್ರವಾಗಿ ಫೋನಿಗೆ ಬರುತ್ತಿದ್ದವು.

ಪುಟದೊಡನೆ ಫಾಂಟ್ ಕಳಿಸುವ ಹಳೆಯ ಆಲೋಚನೆ ಹತ್ತು ವರ್ಷದ ಮೇಲೆ ಎಲ್ಲ ಬ್ರೌಸರುಗಳಿಗೂ ಹೊಂದುವ ರೂಪದಲ್ಲಿ ಮರಳಿತು. 2011ರ ಕೊನೆಯಲ್ಲಿ ಭಾರತೀಯ ಭಾಷೆಗಳ ವಿಕಿಪೀಡಿಯಗಳು ವೆಬ್‌ಫಾಂಟ್ ಬಳಸತೊಡಗಿದವು. 2012ರಲ್ಲಿ ಡಬ್ಲ್ಯುಒಎಫ್ಎಫ್ ಎಂಬ ವೆಬ್‌ಫಾಂಟ್ ಕಡತದ ಬಗೆ ಅಧಿಕೃತ ಮಾನಕವಾಯಿತು. ಎಕ್ಸ್‌ಪ್ಲೋರರಿಗೆ 2022ರ ಜೂನ್ 15ರಂದು ಮೈಕ್ರೋಸಾಫ್ಟ್ ವಿದಾಯ ಹೇಳಿತು.

ಅಕ್ಷರವನ್ನು ಎಲ್ಲಿ ಕತ್ತರಿಸಬಹುದು ಎಂಬ ಪ್ರಶ್ನೆ ಮಾತ್ರ ಬಾಕಿಯಿದೆ. 2023ರ ಯೂನಿಕೋಡ್ 15.1 ದೇವನಾಗರಿ, ತೆಲುಗು, ಮಲಯಾಳಂ ಸೇರಿ ಆರು ಭಾರತೀಯ ಲಿಪಿಗಳ ಸಂಯುಕ್ತಾಕ್ಷರವನ್ನು ಒಂದೇ ಘಟಕವಾಗಿ ಎಣಿಸುವ ನಿಯಮ ತಂದಿತು. ಆ ಪಟ್ಟಿಯಲ್ಲಿ ಕನ್ನಡ ಸೇರಲಿಲ್ಲ. ಆ ನಿಯಮವನ್ನಷ್ಟೇ ನೆಚ್ಚಿದ ತಂತ್ರಾಂಶ ‘ಸ್ತ್ರೀ’ಯನ್ನು ಸ್, ತ್, ರೀ ಎಂದು ಮೂರಾಗಿ ಎಣಿಸುತ್ತದೆ. ಆದ್ದರಿಂದ ಕನ್ನಡ ಪುಟಗಳಲ್ಲಿ ಅಕ್ಷರಗಳ ನಡುವಿನ ತೆರಪನ್ನು ಹಿಗ್ಗಿಸದಿರುವುದು, ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಮುನ್ನ ಪ್ರತಿ ಬ್ರೌಸರಿನಲ್ಲೂ ತೆರೆದು ನೋಡುವುದು, ಒತ್ತುಗಳಿಗೆ ಸಾಲಿನ ಎತ್ತರವನ್ನು ಧಾರಾಳವಾಗಿ ಬಿಡುವುದು ಇವತ್ತಿಗೂ ಬೇಕಾಗುತ್ತದೆ.